ಗಾಡಿಗೊಂದು ಮಸಾಲೆ

12-2-2002, ಬೆಳಿಗ್ಗೆ ಹತ್ತು

ಮೂರು ಬ್ಲೌಸ್ ಮುಗಿಯಿತು. ನಾಲ್ಕನೆಯದಕ್ಕೆ ಹುಕ್ಕು ಬಾಕಿ. ಕೈಮಿಷನ್ನಿಗೆ ಎಣ್ಣೆ ಬಿಟ್ಟು, ಕೈಯಿಂದ ಪೆಡಲು ತಿರುಗಿಸುವ ನನ್ನ ಮೂರು ಗಾಲಿಯ ಗಾಡಿ ಹತ್ತಿ ಚಿಕ್ಕಬಸಪ್ಪನ ಹೋಟೆಲಿಗೆ ಹೋಗಿ ಬಂದೆ. ಹೋಟೆಲಿಗೆ ಎಂದರೆ ಹೋಟೆಲಿನ ಮುಂದಿನ ರಸ್ತೆಗೆ. ಆಟೋ ಕುಳ್ಳಯ್ಯ ನನ್ನ ದುಡ್ಡು ಹಿಡಿದು ಮೆಟ್ಟಿಲು ಹತ್ತಿದ. ಒಳಗಿನಿಂದ ಸಪ್ಲೈಯರ್ ಮುದ್ದಯ್ಯನ ಕೂಗು — "ಗಾಡಿಗೊಂದು ಮಸಾಲೇ..." ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು. ದೋಸೆ ಏಳು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಒದ್ದೆ ಟವಲ್ಲಿನಂತೆ ಮೆತ್ತಗೆ. ಮಡಿಲಲ್ಲಿ ತಟ್ಟೆ. ಚಟ್ನಿಗೆ ಬಸ್ಸಿನ ಧೂಳು.

ಹಳೆಯ ಕಟ್ಟಡಕ್ಕೆ ಮೂರೇ ಮೆಟ್ಟಿಲು. ಮೂರು ವರ್ಷದವಳಿದ್ದಾಗಲೇ ನನ್ನ ಕಾಲುಗಳ ಬಲ ಹೋಯಿತು, ಆದರೂ ಕೈಯೂರಿ ಹತ್ತಿಬಿಡುತ್ತಿದ್ದೆ. ಅಡುಗೆಮನೆ ಬಾಗಿಲ ಪಕ್ಕದ ಮೂಲೆ ಟೇಬಲ್ಲು ನನ್ನದು, ಇಪ್ಪತ್ತು ವರ್ಷ. ಕಾವಲಿಯ ಚುರ್ ಸದ್ದು, ಅಡುಗೆಯವರ ಜಗಳ, ಪಕ್ಕದ ಟೇಬಲ್ಲಿನವರ ಮದುವೆ ಮಾತುಕತೆ... ಹೊಟ್ಟೆ ತುಂಬುತ್ತಿದ್ದುದೇ ಅದರಿಂದ. ದೀಪಾವಳಿಗೆ ಹೊಸ ಕಟ್ಟಡವಾಯಿತು. ಏಳು ಮೆಟ್ಟಿಲು, ಕನ್ನಡಿಯಂಥ ಗ್ರಾನೈಟು. ಕೈ ಊರಿದರೆ ಜಾರುತ್ತದೆ.

ಆ ಮೂಲೆ ನನಗೆ ಬೇಕು.

14-2

ಚಿಕ್ಕಬಸಪ್ಪನನ್ನು ಕೇಳಿದೆ — ಪಕ್ಕದಲ್ಲಿ ಒಂದು ಇಳಿಜಾರು ಮಾಡಿಸಪ್ಪ, ಗಾಡಿ ಸಮೇತ ಬರುತ್ತೇನೆ ಎಂದು. ಅವನಿಗೆ ಅರ್ಥವೇ ಆಗಲಿಲ್ಲ.

"ದೋಸೇನೇ ನಿನ್ ತಾವ್ಕೆ ಬತ್ತದಲ್ಲ ಭದ್ರಕ್ಕ. ನಿಂಗ್ಯಾಕೆ ಅತ್ತೋ ಕಷ್ಟ?"

ಒಳ್ಳೆಯವನು. ತಾನು ನನಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದಾನೆ.

ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದೆ. ಅಂಗವಿಕಲರ ಕಾಯಿದೆ ಇದೆಯಂತೆ. ಆದರೆ ಅದು ಹೆಚ್ಚಾಗಿ ಸರ್ಕಾರಿ ಕಟ್ಟಡಗಳ ಮಾತು, ಹೋಟೆಲಿನವರನ್ನು ಹಿಡಿಯುವುದು ಕಷ್ಟ ಎಂದರು.

15-2, ಸಂಜೆ

ವಡೆ ಕಟ್ಟಿದ ಪೇಪರ್ ಬಿಡಿಸಿದೆ. ಸ್ಕೂಲಿಗೆ ಹೋದವಳಲ್ಲ ನಾನು. ಓದು ಕಲಿತದ್ದೇ ಈ ಹೋಟೆಲಿನ ಪೊಟ್ಟಣದ ಕಾಗದದಲ್ಲಿ, ಎಣ್ಣೆಯಿಲ್ಲದ ಅಕ್ಷರ ಹುಡುಕಿ ಹುಡುಕಿ. ಇವತ್ತಿನ ಚೂರಿನಲ್ಲಿ ಗ್ರಾಹಕರ ನ್ಯಾಯಾಲಯದ ವಿಷಯ. ಅಂಗಡಿ, ಹೋಟೆಲಿನವರು ಸೇವೆಯಲ್ಲಿ ಲೋಪ ಮಾಡಿದರೆ ಗ್ರಾಹಕರು ದೂರು ಕೊಡಬಹುದಂತೆ. ವಕೀಲರು ಬೇಡ, ಬಿಳಿ ಹಾಳೆ ಸಾಕು. ಕೆಳಗೆ ಮೈಸೂರಿನ ವಿಳಾಸ. ಎಣ್ಣೆ ಇನ್ನೊಂದು ಬೆರಳು ಹರಡಿದ್ದರೆ ಅದೂ ಹೋಗುತ್ತಿತ್ತು.

16-2

ಬರೆದೆ. ಎರಡು ಪುಟ. ಕುಳ್ಳಯ್ಯ ಪೋಸ್ಟಿಗೆ ಹಾಕಿ ಬಂದ ಮೇಲೆ ನೆನಪಾಯಿತು — ಪಿರಿಯಾಪಟ್ಟಣದ ತಂಗಿ ಸಾಕಮ್ಮನಿಗೆ ಬರೆಯುವ ಅಭ್ಯಾಸದಲ್ಲೇ ಶುರುಮಾಡಿಬಿಟ್ಟಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕಡೆ ಬಿಸಿಲು ಹೇಗೆ?

ಕೋರ್ಟಿಗೆ. ಬಿಸಿಲು ಹೇಗೆ ಅಂತ.

9-4

ಚಿಕ್ಕಬಸಪ್ಪ ಬಂದ, ಕೈಯಲ್ಲಿ ರಿಜಿಸ್ಟರ್ ಕಾಗದ. ಅವನಿಗೆ ಓದು ಬಾರದು. ಎಷ್ಟೋ ವರ್ಷದಿಂದ ಅವನ ಕಾಗದವೆಲ್ಲ ನಾನೇ ಓದುವುದು. ಒಡೆದೆ. ಕೋರ್ಟಿನ ನೋಟೀಸು, ಜೊತೆಗೆ ನನ್ನದೇ ದೂರಿನ ಪ್ರತಿ. ಆದರೂ ಓದಿದೆ, ಒಂದಕ್ಷರ ಬಿಡದೆ, ಬಿಸಿಲಿನ ಸಮಾಚಾರವೂ ಸೇರಿ.

"ಭದ್ರಮ್ಮ ಅಂದ್ರೆ ಯಾವ ಭದ್ರಮ್ಮ?"

"ನಾನೇ ಕಣಪ್ಪ."

ಮಿಷನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಎದ್ದ.

"ಚೆನ್ನಾಗ್ ಬರ್ದಿದ್ದೀಯ ಬುಡು."

ಹೋದ.

10-4

ಗಾಡಿಯನ್ನು ಆ ಕಡೆ ತಿರುಗಿಸಲಿಲ್ಲ. ಮನೆಯಲ್ಲೇ ಉಪ್ಪಿಟ್ಟು.

2-5

ಸಾಕಮ್ಮನ ಕಾಗದ. ಊರಿನವನ ಮೇಲೆ ಕೇಸೇ? ವಾಪಸ್ ತೆಗೆದುಕೋ ಎಂದಿದ್ದಾಳೆ. ಮೂಲೆ ಟೇಬಲ್ಲಿನಲ್ಲಿ ಕೂತ ದಿನ ತೆಗೆದುಕೊಳ್ಳುತ್ತೇನೆ ಎಂದು ಬರೆದೆ.

ಚಿಕ್ಕಬಸಪ್ಪನ ವಕೀಲರ ಉತ್ತರವೂ ಬಂತು. ನಾನು ಗ್ರಾಹಕಳೇ ಅಲ್ಲವಂತೆ. ಹೊಸ ಹೋಟೆಲಿನೊಳಗೆ ಒಮ್ಮೆಯೂ ಬಂದಿಲ್ಲ, ದುಡ್ಡು ಕೊಟ್ಟವನು ಕುಳ್ಳಯ್ಯ. ಗ್ರಾಹಕಳಲ್ಲದವಳಿಗೆ ದೂರು ಕೊಡುವ ಹಕ್ಕಿಲ್ಲ, ಕೇಸು ವಜಾ ಮಾಡಿ ಎಂದು. ಮೊದಲು ನಗು ಬಂತು. ಒಳಗೆ ಹೋಗಲಾಗದು ಎಂಬುದೇ ನನ್ನ ದೂರು. ಅದನ್ನೇ ನನ್ನ ಮೇಲೆ ತಿರುಗಿಸಿದ್ದಾರೆ. ಆಮೇಲೆ ನಗು ನಿಂತಿತು. ಕೋರ್ಟು ಇದನ್ನು ಒಪ್ಪಿದರೆ ಇಳಿಜಾರೂ ಇಲ್ಲ, ಮೂಲೆಯೂ ಇಲ್ಲ.

ಹೆಬ್ಬೆಟ್ಟು ಒತ್ತುವ ಮೊದಲು ಈ ಕಾಗದವನ್ನು ಚಿಕ್ಕಬಸಪ್ಪ ನನ್ನ ಹತ್ತಿರ ಓದಿಸಲಿಲ್ಲ. ಬೇರೆ ಯಾರ ಹತ್ತಿರವೂ ಓದಿಸಿದ ಹಾಗಿಲ್ಲ.

21-5, ಸಂಜೆ

ಮೈಸೂರಿನಿಂದ ಈಗ ಬಂದೆ. ಬಂದವಳೇ ಡೈರಿ ತೆಗೆದೆ, ಅಷ್ಟು ಖುಷಿ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಕುಳ್ಳಯ್ಯ ಎತ್ತಿ ಬಸ್ಸಿನಲ್ಲಿ ಕೂರಿಸಿ ತಾನೂ ಹತ್ತಿದ. ಮುಂದಿನ ಸೀಟಿನಲ್ಲಿ ಯಾರು? ಚಿಕ್ಕಬಸಪ್ಪ. ಬಿಳಿಕೆರೆವರೆಗೆ ಇಬ್ಬರೂ ಕಿಟಕಿ ನೋಡಿದೆವು. ಆಮೇಲೆ ಅವನು ಪೊಟ್ಟಣ ಬಿಚ್ಚಿ ಹಿಂದಕ್ಕೆ ಚಾಚಿದ. ವಡೆ. ಕೋರ್ಟಿನಲ್ಲಿ ಎಷ್ಟು ಹೊತ್ತಾಗುತ್ತದೋ, ತಿನ್ನು ಎಂದ. ಕೋರ್ಟಿನ ಬೆಂಚಿನ ಮೇಲೂ ಅದೇ ಪೊಟ್ಟಣಕ್ಕೆ ಇಬ್ಬರೂ ಕೈ ಹಾಕಿಕೊಂಡು ಕೂತಿದ್ದೆವು. ಅವನ ವಕೀಲರು ಬಂದು ನೋಡಿ ಕರಿಕೋಟು ಸರಿಮಾಡಿಕೊಂಡರು.

ಒಳಗೆ ವಕೀಲರು ಶುರುಮಾಡಿದರು. ಈಕೆ ಗ್ರಾಹಕಳಲ್ಲ, ಹೋಟೆಲಿಗೂ ಈಕೆಗೂ ಸಂಬಂಧವೇ ಇಲ್ಲ. ಚಿಕ್ಕಬಸಪ್ಪ ಈ ಮಾತು ಕೇಳಿದ್ದು ಅದೇ ಮೊದಲು. ಎದ್ದು ನಿಂತ. ವಕೀಲರು ಅಂಗಿ ಹಿಡಿದು ಎಳೆದರೂ ಕೂರಲಿಲ್ಲ.

"ಯಾರ್ ಸ್ವಾಮಿ ಯೋಳಿದ್ದು ಗಿರಾಕಿ ಅಲ್ಲ ಅಂತ? ನಾನು ಓಟ್ಲು ತೆಗ್ದ ದಿನ ಮೊದಲ್ನೇ ದೋಸೆ ತಿಂದಿದ್ದೇ ಈಯಕ್ಕ. ಇಪ್ಪತ್ತು ವರ್ಸದಿಂದ ತಿಂತಾವ್ಳೆ. ಕುಳ್ಳಯ್ಯ ಬರೀ ದುಡ್ಡು ತತ್ತಾನೆ, ದೋಸೆ ಓಗೋದು ಗಾಡಿಗೇಯ. ಇವ್ಳು ಗಿರಾಕಿ ಅಲ್ದಿದ್ರೆ ನಂಗೆ ಗಿರಾಕೀನೇ ಇಲ್ಲ."

ವಿಚಾರಣೆಗೆ ಕೂತಿದ್ದ ಕೋರ್ಟಿನ ಅಧ್ಯಕ್ಷರು ಗುಮಾಸ್ತರ ಕಡೆ ತಿರುಗಿ, ಹೋಟೆಲಿನವರ ಮಾತು ಹಾಗೇ ಬರೆದುಕೊಳ್ಳಿ ಎಂದರು. ಯಾರ ಕೈಯಿಂದ ದುಡ್ಡು ಹೋದರೇನು, ಯಾರಿಗಾಗಿ ಕೊಂಡರೋ ಅವರೂ ಗ್ರಾಹಕರೇ ಎಂದು ಕಾಯಿದೆಯಲ್ಲೇ ಇದೆಯಂತೆ. ದೂರು ಕೊಡುವ ಹಕ್ಕು ನನಗಿದೆ. ವಕೀಲರು ಫೈಲು ಕಟ್ಟಿದರು. ಚಿಕ್ಕಬಸಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ — ಹೆಂಗೆ ಬಾಯಿ ಮುಚ್ಚಿಸಿದೆ ಎನ್ನುವಂತೆ. ಮುಚ್ಚಿದ್ದು ತನ್ನ ವಕೀಲರ ಬಾಯಿ ಎಂದು ಅವನಿಗೆ ಹೊಳೆದದ್ದು ವಾಪಸ್ ಬರುವಾಗ, ಇಲವಾಲ ದಾಟಿದ ಮೇಲೆ.

ಹೊರಡುವಾಗ ಅಧ್ಯಕ್ಷರು ಕರೆದರು.

"ಅರ್ಜಿಯಲ್ಲಿ ಕೇಳಿದ್ರಲ್ಲ ಅಮ್ಮ. ಇಲ್ಲಿ ನಾವೂ ಕ್ಷೇಮ. ಬಿಸಿಲು ಮಾತ್ರ ಜಾಸ್ತಿ."

18-6

ಆರ್ಡರ್ ಬಂತು. ಎರಡು ತಿಂಗಳೊಳಗೆ ಇಳಿಜಾರು. ಚಿಕ್ಕಬಸಪ್ಪ ತನ್ನ ಪ್ರತಿ ಓದಿಸಲು ಬಂದ. ಓದಿದೆ. ಗೆದ್ದವರು ಯಾರು ಎಂದ. ನಾನು ಎಂದೆ.

"ಸೋತೋನ್ಗೆ ಒಂದ್ ಲೋಟ ಕಾಪಿ ಕೊಡು ಮತ್ತೆ."

ಕೊಟ್ಟೆ. ಸಕ್ಕರೆ ಕಮ್ಮಿ ಎಂದ.

4-8

ಇಳಿಜಾರು ಆಯಿತು ಎಂದು ಹೇಳಿಕಳಿಸಿದ. ಹೋಗಿ ನೋಡಿದರೆ ಗೋಡೆಗೆ ಏಣಿ ಇಟ್ಟ ಹಾಗೆ. ಹತ್ತೋಕಾಗದು ಎಂದೆ. ಆಗುತ್ತೆ ಎಂದ. ನೀನೇ ಹತ್ತು ಎಂದು ಗಾಡಿಯಿಂದ ಇಳಿದು ಕಟ್ಟೆಯ ಮೇಲೆ ಕೂತೆ. ಪಂಚೆ ಎತ್ತಿಕಟ್ಟಿ ಗಾಡಿಯಲ್ಲಿ ಕೂತ. ಎರಡು ಕೈಯಲ್ಲೂ ಪೆಡಲು ತಿರುಗಿಸಿದ, ಅರ್ಧ ಹತ್ತಿದ, ಮುಖ ಬೀಟ್‌ರೂಟು. ಅಲ್ಲಿಂದ ಗಾಡಿ ಹಿಂದಕ್ಕೆ ಉರುಳಿತು. ಕುಳ್ಳಯ್ಯನ ಆಟೋ ಅಡ್ಡ ಇಲ್ಲದಿದ್ದರೆ ಮಡಿಕೇರಿ ಬಸ್ಸಿಗೆ ಸಿಗುತ್ತಿದ್ದ. ಮುದ್ದಯ್ಯ ತಟ್ಟೆ ಬಿಟ್ಟು ನಗುತ್ತಿದ್ದಾನೆ. ಚಿಕ್ಕಬಸಪ್ಪ ಗಾಡಿಯಿಂದ ಇಳಿಯಲಿಲ್ಲ. ತನ್ನ ಹೋಟೆಲನ್ನು ರಸ್ತೆಯಿಂದ, ಕೂತಷ್ಟು ಎತ್ತರದಿಂದ ನೋಡುತ್ತಿದ್ದ.

"ಇಲ್ಲಿಂದ ಒಳಗೇನೂ ಕಾಣಾಕಿಲ್ವಲ್ಲ ಭದ್ರಕ್ಕ."

ಸಂಜೆಯೇ ಗಾರೆಯವರನ್ನು ಕರೆಸಿದ. ಇನ್ನೂ ಹನ್ನೆರಡು ಅಡಿ ಉದ್ದ ಮಾಡಿ ಎಂದ.

17-8, ಬೆಳಿಗ್ಗೆ ಎಂಟೂವರೆ

ಡೈರಿಯನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ. ಹೋಟೆಲಿನ ಒಳಗಿನಿಂದ ಬರೆಯುತ್ತಿದ್ದೇನೆ. ಗಾಡಿ ಒಂದೇ ಉಸಿರಿಗೆ ಹತ್ತಿತು. ಯಾರೂ ತಳ್ಳಲಿಲ್ಲ. ಮೂಲೆಯಲ್ಲಿದ್ದ ಎರಡು ಕುರ್ಚಿ ಚಿಕ್ಕಬಸಪ್ಪನೇ ತೆಗೆದ. ಟೇಬಲ್ಲು ಹೊಸದು, ಜಾಗ ಅದೇ. ಕಾವಲಿ ಚುರ್ ಎನ್ನುತ್ತಿದೆ. ಪಕ್ಕದ ಟೇಬಲ್ಲಿನಲ್ಲಿ ಹೆಣ್ಣಿನ ಕಡೆಯವರು, ಕೆ.ಆರ್. ನಗರದವರು. ಹುಡುಗ ಕುಳ್ಳ ಎಂಬ ಚರ್ಚೆ. ಸಾಕಮ್ಮನಿಗೆ ಇದೆಲ್ಲ ಬರೆಯಬೇಕು.

ಮುದ್ದಯ್ಯ ನನ್ನ ಮುಂದೆಯೇ ನಿಂತು ಅಡುಗೆಮನೆಗೆ ಕೂಗಿದ — "ಗಾಡಿಗೊಂದು..." ನಾಲಿಗೆ ಕಚ್ಚಿಕೊಂಡ. ಮತ್ತೆ ಕೂಗಿದ. "ಮೂಲೆಗೊಂದು ಮಸಾಲೇ..."

ಯಾರೂ ತಿರುಗಿ ನೋಡಲಿಲ್ಲ.

ಬರುತ್ತಿದೆ. ಅಂಚು ಗರಿಗರಿ, ಹಬೆ ಏಳುತ್ತಿದೆ. ಡೈರಿ ಪಕ್ಕಕ್ಕಿಡಬೇಕು, ಬೆಣ್ಣೆ ಕರಗುವ ಮೊದಲೇ —