ಜಾರುವ ಕೈಸರಪಳಿ

ಮಗಳೇ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀಯ. "ಫೋನಲ್ಲಿ ಬೈದ್ರೆ ಆಗಲ್ಲ ದೊಡ್ಡಪ್ಪ, ಬರೆದು ಕಳ್ಸಿ" ಅಂದೆಯಲ್ಲ, ತಗೋ.

ನೀನು ಮಾಡಿ ಕಳಿಸಿದ, ಭಾರ ಎತ್ತುವ ಚೈನ್ ಪುಲ್ಲಿಯ ಕೈಸರಪಳಿ ಜಾರುತ್ತದೆ, ದಂಡ ಎಂದು ಕೂಗಾಡಿದ್ದೆ. ತಪ್ಪು ನನ್ನದು. ಭಾರ ಏಳದಿದ್ದರೆ ಇಬ್ಬರು ಜೋತುಬಿದ್ದು ಎಳೆಯುವುದು ನಮ್ಮ ಪದ್ಧತಿ. ಸೋಮವಾರ ದೊಡ್ಡ ಎಂಜಿನ್ನಿಗೂ ಹಾಗೇ ಎಳೆದೆವು. ಕೈಸರಪಳಿಯ ಚಕ್ರ ಕಟಕಟ ಎಂದು ಸುಮ್ಮನೆ ತಿರುಗಿತು. ಎಂಜಿನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಗ್ಗಿ ನೋಡಿದರೆ ಅದರ ಒಂದು ಬೋಲ್ಟು ಇನ್ನೂ ನೆಲಕ್ಕೆ ಬಿಗಿದೇ ಇತ್ತು! ಹಳೆಯ ಪುಲ್ಲಿಯಾಗಿದ್ದರೆ ಕೊಕ್ಕೆ ಕಿತ್ತು ನಮ್ಮ ತಲೆಗೇ ಬರುತ್ತಿತ್ತು. ನಮ್ಮ ಕಣ್ಣಿಗೆ ಬೀಳದ್ದು, ಭಾರ ಮಿತಿ ಮೀರಿದರೆ ಜಾರಲೆಂದೇ ನೀನು ಮಾಡಿದ ಆ ಚಕ್ರಕ್ಕೆ ಗೊತ್ತಾಗಿತ್ತು. ನಲವತ್ತು ವರ್ಷ ಸರಪಳಿ ಎಳೆದವನು ಬಾಯಿ ಬಿಟ್ಟುಕೊಂಡು ನಿಂತೆ. "ಯಜಮಾನ್ರೇ, ಬೈಯೋದೂ ಮರ್ತುಹೋಯ್ತಾ?" ಎಂದ ಜೊತೆಗಿದ್ದ ಫಿಟ್ಟರ್.

ನಿನ್ನಪ್ಪ ಹೋದ ದಿನ ಅವನೂ ನಾನೂ ಹಳೆಯ ಪುಲ್ಲಿಯನ್ನು ಹೀಗೇ ಎಳೆದಿದ್ದೆವು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಇಲ್ಲಿ ಹಳೆಯ ಪುಲ್ಲಿಗಳು ಇನ್ನೂ ಮೂರಿವೆ. ಮೂರಕ್ಕೂ ಬೀಗ ಜಡಿದಿದ್ದೇನೆ. ಮಾಲೀಕರು ಗೊಣಗುತ್ತಿದ್ದಾರೆ, ಗೊಣಗಲಿ. ಅವಕ್ಕೂ ಇದೇ ಚಕ್ರ ಯಾವಾಗ ಕಳಿಸುತ್ತೀ? ಹದಿನೈದನೇ ತಾರೀಖಿನೊಳಗೆ ಉತ್ತರ ಬರಬೇಕು.

ನಿನ್ನ ದೊಡ್ಡಪ್ಪ