ಬಾಣಂತಿಗೆ ಕೊಡದ ಬೆಳ್ಳುಳ್ಳಿ ಹಾಲು

ಜಮಖಂಡಿ, ಕಾರ್ತಿಕ ವದ್ಯ ಪಂಚಮಿ, ಸನ್ ೧೯೩೧

ನನ್ನ ಈ ದಿನಚರಿಯನ್ನು ಕದ್ದು ಓದುವವರೇ, ನಿಮಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೇನು?

ಬಾಣಂತಿ ಸೊಸೆ ಚಂಪಾಳ ಕಾಲು ಇಂದು ಕಂಬದಂತೆ ಬಾತಿತ್ತು. ರಕ್ತ ಹೆಪ್ಪುಗಟ್ಟದಿರಲಿ, ಬೆಳ್ಳುಳ್ಳಿ ರಸವನ್ನು ಹಾಲಿನಲ್ಲಿ ಕುದಿಸಿ ಕೊಡಿ ಎಂದು ವೈದ್ಯರು ಮೊದಲೇ ಹೇಳಿದ್ದರು. "ಜೈನರ ಅಡಿಗಿಮನಿಯಾಗ ಬೆಳ್ಳುಳ್ಳಿ ಏನ್ರಿ?" ಎಂದು ಅವರ ಬಾಯಿ ಮುಚ್ಚಿಸಿದ್ದೆ. ಒಣ ಅರಿಷಿಣದ ಹಾಲು ಕುಡಿಸಿ ಸುಮ್ಮನಾಗಿದ್ದೆ.

ಅವಳನ್ನು ಕರೆದೊಯ್ಯಲು ತವರೂರು ಚಿಮ್ಮಡದಿಂದ ಅವಳಪ್ಪ ಬಂಡಿ ತಂದ. ಅವನೂ ಜೈನನೇ. "ಹಿತ್ತಲದಾಗ ಬ್ಯಾರೆ ಒಲಿ ಹೂಡಿ ಬೆಳ್ಳುಳ್ಳಿ ಹಾಲು ಕಾಸಿ ಕೊಡ್ತೀನ್ರಿ ಅಕ್ಕಾರ" ಎಂದ. ಹಿತ್ತಲು ನಮಗೂ ಇತ್ತು. ನನಗೇಕೆ ಹೊಳೆಯಲಿಲ್ಲ?

ಬಂಡಿ ಹತ್ತುವಾಗ ಚಂಪಾ, "ನಿಮ್ಮ ಅಡಿಗಿಮನಿ ಮಡಿ ಉಳೀತಲ್ರಿ ಅತ್ತಿ, ಬರ್ತೀನಿ" ಎಂದಳು.

ಕಾಲಿನ ಬಾವು ಇಳಿಯುತ್ತದೇನು ಚಂಪಾ? ಈ ತಿಂಗಳು ಮುಗಿಯುವುದರೊಳಗೆ ಉತ್ತರ ಹೇಳಿ ಕಳಿಸು. ಬೆಳ್ಳುಳ್ಳಿ ತಿಂದ ಬಾಯಿಂದ ಬೈದರೂ ಸೈ.