ನಿಧಾನವಾಗಿ ತಣಿಯದ ಹರಳು

ಮಾರ್ಚ್ ೩, ಮಂಗಳವಾರ

ಮುದ್ದು ಪುಟ್ಟಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರಿಸಲು ಇಷ್ಟು ದಿನ ಮಾಡಿದೆನೆಂದು ಬೈಯಬೇಡ. ಅಕ್ಷರವೂ ಕಾಗೆಕಾಲು ಗುಬ್ಬಿಕಾಲಾಗಿದೆ, ಅದಕ್ಕೂ ಬೈಯಬೇಡ. ಮಗಳು ಪಿಎಚ್‌ಡಿ ಮುಗಿಸಿ ಡಾಕ್ಟರಾಗುತ್ತಾಳೆಂದು ನಿನ್ನಮ್ಮ ಬೀದಿಗೆಲ್ಲ ಸಾರಿ, "ಯಾವ ಕಾಯಿಲೆಗೆ?" ಎಂದು ಕೇಳಿಸಿಕೊಂಡು ಮನೆಗೆ ಬಂದಿದ್ದಾಳೆ.

ಪುಟ್ಟಿ, ನನಗೆ ಹೆದರಿಕೆಯಾಗಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನೀನು ಬೆಳೆಸಿ ಕಳಿಸಿದ ಹರಳನ್ನು, ಕೂದಲಿನಷ್ಟು ತೆಳುವಾದ ಆ ಕಪ್ಪು ಸೂಜಿಯನ್ನು, ನಮ್ಮ ಲ್ಯಾಬಿನಲ್ಲಿ ತಣಿಸಿದವನು ನಾನು. ನಿನಗೆ ಹೇಳಿಕೊಡಬೇಕಾಗಿಲ್ಲ: ಈ ಜಾತಿಯ ಹಳೆಯ ಹರಳುಗಳನ್ನು ನಿಧಾನವಾಗಿ ತಣಿಸಿದರೆ ಅಣುಗಳು ಸಾಲಾಗಿ ನಿಂತು ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುತ್ತದೆ. ಗಡಿಬಿಡಿ ಮಾಡಿದರೆ ಎಲೆಕ್ಟ್ರಾನುಗಳ ಪುಟ್ಟ ಅಯಸ್ಕಾಂತಗಳು ಒಂದು ಮೇಲೆ, ಒಂದು ಕೆಳಗೆ ಮುಖಮಾಡಿ ಕೂತುಬಿಡುತ್ತವೆ, ಹರಿವು ನಿಲ್ಲುತ್ತದೆ. ನಿನ್ನ ಹೊಸ ಹರಳು ನಿಧಾನವಾಗಿ ತಣಿಸಿದರೂ ಹಾಗೆ ಕೂರುತ್ತದೆ ಎಂಬುದೇ ನಿನ್ನ ಪ್ರಬಂಧದ ಜೀವ.

ಅದು ನಿಧಾನವಾಗಿ ತಣಿದಿಲ್ಲ ಮಗಳೇ.

ಮೂವತ್ತು ವರ್ಷದ ನನ್ನ ಅಭ್ಯಾಸ ನಿನಗೆ ಗೊತ್ತು. ಮೊದಲು ರಿಜಿಸ್ಟರಿನಲ್ಲಿ ಬರೆಯುವುದು, ಆಮೇಲೆ ಹರಳು ತಣಿಸುವ ಹೀಲಿಯಂನ ವಾಲ್ವ್ ಮುಟ್ಟುವುದು. 'ನಿಧಾನ, ಇಪ್ಪತ್ತನಾಲ್ಕು ಗಂಟೆ' ಎಂದು ಬರೆದು ಕೈ ಹಾಕಿದೆ. ವಾಲ್ವ್ ಪೂರ್ತಿ ತಿರುಗಿಬಿಟ್ಟಿತು. ಇಡೀ ದಿನ ಹಿಡಿದು ತಣಿಯಬೇಕಾದ ಹರಳು ಎರಡೇ ನಿಮಿಷದಲ್ಲಿ ಪೂರ್ತಿ ತಣಿದುಹೋಯಿತು. ಬಿಸಿಮಾಡಿ ಮತ್ತೆ ತಣಿಸಲು ಹೀಲಿಯಂ ಉಳಿದಿರಲಿಲ್ಲ. ಬರೆದದ್ದನ್ನು ನಾನು ಹೊಡೆದುಹಾಕಲಿಲ್ಲ.

ಮರುವಾರ ನೀನು ಫೋನ್ ಮಾಡಿ, "ಅಪ್ಪಾ, ನಿಧಾನವಾಗೇ ತಣ್ಸಿದ್ದು ತಾನೆ? ಗೈಡ್ ಮೇಡಂ ಮೂರು ಸಲ ಕೇಳಿದ್ರು. ನಮ್ಮಪ್ಪ ರಿಜಿಸ್ಟರಲ್ಲಿ ಸುಳ್ಳು ಬರೆಯಲ್ಲ ಅಂದೆ" ಎಂದೆ. ನಾನು ಹೂಂ ಎಂದೆ.

ಇಪ್ಪತ್ತನೇ ತಾರೀಖಿಗೆ ಪ್ರಬಂಧ ಒಪ್ಪಿಸಬೇಡ. ಈ ಕಾಗದವನ್ನು ಮೇಡಂಗೆ ತೋರಿಸು. ಮಾನ ಹೋದರೆ ನನ್ನದು ಹೋಗಲಿ. ಇನ್ನೊಂದು ಹರಳು ಬೆಳೆಸಿ ಬೇರೆಯವರ ಕೈಗೆ ಕೊಡು.

ಸಿಟ್ಟು ಬರಲಿ, ಊಟ ಮಾತ್ರ ಬಿಡಬೇಡ. ನೀನು ನಂಬಿದ ಕೆಲಸ ನಿನ್ನನ್ನು ಕಾಯಲಿ.

ನಿನ್ನ
ಅಪ್ಪ

ತಾ.ಕ.: ವಾಲ್ವ್ ಸರಿಯಾಗಿಯೇ ಇತ್ತು. ನನ್ನ ಬಲಗೈ ನಡುಗಿತು. ನಿನ್ನ ಅಜ್ಜಿಗೂ, ಅಂದರೆ ನನ್ನಮ್ಮನಿಗೂ, ಹೀಗೇ ಬಲಗೈಯಿಂದ ಶುರುವಾಗಿತ್ತು; ಕೊನೆಗೆ ನೀರಿನ ಲೋಟವನ್ನೂ ನಾವೇ ಹಿಡಿಯಬೇಕಾಯಿತು. ಈ ಕಾಗದಕ್ಕೆ ಒಂಬತ್ತು ದಿನ ಹಿಡಿಯಿತು. ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ. ಡಾಕ್ಟರು, "ಮನೇಲಿ ಮುಂಚೆ ಯಾರಿಗಾದ್ರೂ ಇತ್ತಾ?" ಎಂದರು. ಆಮೇಲೆ, "ಮಕ್ಕಳೆಷ್ಟು?" ಎಂದು ಕೇಳಿದರು. ಚಿಮಟದಲ್ಲಿ ಹರಳು ಎತ್ತುವಾಗ ನಿನ್ನ ಕೈ ಗಟ್ಟಿಯಾಗಿರುತ್ತದೆ ತಾನೆ, ಪುಟ್ಟಿ? ನನ್ನ ಹಾಗೆ ಹೂಂ ಎಂದುಬಿಡಬೇಡ.